ಹದಿನಾಲ್ಕು ದನಿ, ಹದಿಮೂರು ಹುಡುಗಿಯರು

ಮಕ್ಕಳನ್ನು ಎಣಿಸುವುದಕ್ಕೆ ಕಣ್ಣು ಬೇಕು ಎಂಬ ಮಾತನ್ನು ಅಕ್ಕ ಒಪ್ಪಿದವಳೇ ಅಲ್ಲ. "ಕಣ್ಣಿಗೇನು, ಒಂದೇ ತಲೆಯನ್ನ ಎರಡು ಸಲ ಎಣಿಸಿ ಕೂರುತ್ತೆ. ಕಿವಿ ಹಾಗೆ ಮೋಸ ಹೋಗಲ್ಲ" ಎನ್ನುತ್ತಿದ್ದಳು. ಶಾಲೆಯ ಹಾಡಿನ ತಂಡವನ್ನು ಎಲ್ಲಿಗೆ ಕರೆದುಕೊಂಡು ಹೋದರೂ ಅವಳದು ಒಂದೇ ಪದ್ಧತಿ. ಪ್ರತಿ ಹುಡುಗಿಗೂ ಒಂದು ನಂಬರು. ಬಸ್ಸು ಹೊರಡುವ ಮುಂಚೆ ಅಕ್ಕ ಬಾಗಿಲ ಕಡೆಯ ಮೊದಲ ಸೀಟಿನಲ್ಲಿ ಕೂತು, ಹಿಂದಕ್ಕೆ ತಿರುಗದೆ, "ಹೂಂ" ಎನ್ನುವಳು. ಒಂದು, ಎರಡು, ಮೂರು ಎಂದು ದನಿಗಳು ಸಾಲಾಗಿ ಬರಬೇಕು. ಯಾವ ನಂಬರಿಗೆ ಯಾವ ಗಂಟಲು ಎನ್ನುವುದು ಅವಳಿಗೆ ಬಾಯಿಪಾಠ. ಯಾರಿಗೆ ನೆಗಡಿ, ಯಾರು ಅತ್ತಿದ್ದಾರೆ, ಯಾರ ಬಾಯಲ್ಲಿ ಕದ್ದು ಇಟ್ಟುಕೊಂಡ ಚಾಕೊಲೇಟಿದೆ ಎನ್ನುವುದೂ ಅಷ್ಟರಲ್ಲೇ ತಿಳಿದುಹೋಗುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಒಂದು ಮಗುವೂ ಲೆಕ್ಕ ತಪ್ಪಿರಲಿಲ್ಲ. ಈ ಹೆಮ್ಮೆಯನ್ನು ಅವಳು ಊಟಕ್ಕೆ ಕೂತಾಗೆಲ್ಲ ಮನೆಯವರಿಗೆ ಬಡಿಸುತ್ತಿದ್ದಳು. ಸಾಕು ಎಂದರೂ ಇನ್ನೊಂದು ಸಲ ಬಡಿಸುತ್ತಿದ್ದಳು.

ಎರಡು ವರ್ಷದಿಂದ ತನ್ನ ಎಡಗಿವಿ ಕೇಳುತ್ತಿಲ್ಲ ಎನ್ನುವುದೊಂದು ಮಾತ್ರ ಆ ಮಾತಿನಲ್ಲಿ ಬರುತ್ತಿರಲಿಲ್ಲ.

ಮೊದಲು ಅದು ಫೋನಿನಲ್ಲಿ ಗೊತ್ತಾಗಿತ್ತು. ಎಡಗಡೆ ಹಿಡಿದರೆ ಆ ಕಡೆಯವರು ಬಾವಿಯೊಳಗಿಂದ ಮಾತಾಡಿದಂತೆ. ಯಾರಿಗೂ ಹೇಳದೆ ಒಮ್ಮೆ ಕಿವಿ ಡಾಕ್ಟರ ಹತ್ತಿರ ಹೋಗಿ ಬಂದಳು. ನರ ಸೋತಿದೆ, ಮಿಷನ್ ಹಾಕಿಸಿಕೊಳ್ಳಿ, ಬಲಗಿವಿಯನ್ನಾದರೂ ಜೋಪಾನ ಮಾಡಿ ಎಂದರು ಅವರು. ಅಕ್ಕ ಹೂಂಗುಟ್ಟಿ ಬಂದಳು, ಮಿಷನ್ ಹಾಕಿಸಿಕೊಳ್ಳಲಿಲ್ಲ. ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ಕಿವಿಗೆ ಮಿಷನ್ ಸಿಕ್ಕಿಸಿಕೊಂಡ ಸಂಗೀತದ ಟೀಚರನ್ನು ಯಾವ ಶಾಲೆ ಹಾಡಿನ ತಂಡದ ಮುಂದೆ ನಿಲ್ಲಿಸುತ್ತದೆ? ಆ ತಂಡ ಬಿಟ್ಟರೆ ಅವಳಿಗೆ ಬೇರೆ ಬದುಕು ಇರಲಿಲ್ಲ. ಮದುವೆ ಬೇಡವೆಂದಳು, ಮಕ್ಕಳಿಲ್ಲ, ಇದ್ದ ಪ್ರೀತಿಯನ್ನೆಲ್ಲ ಪ್ರತಿ ವರ್ಷ ಹದಿನಾಲ್ಕು ಹುಡುಗಿಯರಿಗೆ ಹಂಚಿ, ಅವರು ದೊಡ್ಡವರಾಗಿ ಹೋದ ಮೇಲೆ ಮತ್ತೆ ಹದಿನಾಲ್ಕು ಜನರಿಗೆ ಹಂಚಿದವಳು.

ಜೊತೆಗೆ ಮನೆಯಲ್ಲೇ ಕಣ್ಣೆದುರಿಗೆ ಅಮ್ಮ ಇದ್ದಳು. ಎಂಬತ್ತರ ಹತ್ತಿರದ ಅಮ್ಮನಿಗೆ ಪಕ್ಕದಲ್ಲಿ ತಟ್ಟೆ ಬಿದ್ದರೂ ಕೇಳಿಸದು. ಮನೆಯವರು ಅವಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು, ಆದರೆ ಅವಳ ಜೊತೆ ಮಾತಾಡುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ತಾನೂ ಹಾಗೆ ಮೂಲೆಯ ಕುರ್ಚಿಯಲ್ಲಿ ಕೂತು ಎಲ್ಲರ ಮುಖ ನೋಡುವವಳಾಗುವುದೇ ಎಂದು ನೆನೆದರೆ ಅಕ್ಕ ಆ ಕುರ್ಚಿಯ ಕಡೆ ನೋಡದೆ ಎದ್ದುಹೋಗುತ್ತಿದ್ದಳು.

ಮನೆ ಎಂದರೆ ತಮ್ಮನ ಅಂಗಡಿಯ ಮೇಲಿನ ಮೂರು ಕೋಣೆ. ಕೆಳಗೆ ತಮ್ಮ ಫೋಟೋಗಳಿಗೆ ಕಟ್ಟು ಹಾಕುತ್ತಿದ್ದ. ಅವನು ಗಾಜು ಕೊಯ್ಯುವ ಕಿರ್ ಎನ್ನುವ ಸದ್ದು ಮೇಲಿನವರಿಗೆ ಹಗಲೆಲ್ಲ ಜೊತೆ. ತಮ್ಮನ ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೇಲ್ವಿಚಾರಕಿ. ದಿನಕ್ಕೆ ನೂರಾರು ಹಾಸಿಗೆ ಬಟ್ಟೆ ನೋಡಿ ಬಂದು ಮನೆಯಲ್ಲಿ ಒಂದು ಕರವಸ್ತ್ರ ಕೊಳೆಯಾಗಿದ್ದರೂ ಸಹಿಸಳು. ಅವರಿಗೊಬ್ಬಳೇ ಮಗಳು, ಹದಿನೈದು ವರ್ಷ. ಕೇಳಿದ ದನಿಯನ್ನೆಲ್ಲ ಹಾಗೆಯೇ ಒಪ್ಪಿಸುತ್ತಾಳೆಂದು ಅವಳಿಗೆ ಗಿಣಿ ಎಂದೇ ಹೆಸರು ಬಿದ್ದಿತ್ತು. ಅಪ್ಪನ ಸಿಡುಕು, ಅಮ್ಮನ ಗೊಣಗು, ಹೆಡ್ ಮೇಡಂ ಮೂಗಿನಲ್ಲಿ ಮಾತಾಡುವುದು, ಯಾವುದನ್ನು ಕೇಳಿದರೂ ಬರುತ್ತಿತ್ತು. ಅಕ್ಕನೊಬ್ಬಳನ್ನು ಮಾತ್ರ ಅವಳು ಏಮಾರಿಸಲಾರಳು. ಬಾಗಿಲಾಚೆ ನಿಂತು ತಾಯಿಯ ದನಿಯಲ್ಲಿ "ಅಕ್ಕಾ, ಹಾಲು ಉಕ್ತಾ ಇದೆ" ಎಂದರೆ ಅಕ್ಕ ಕೂತಲ್ಲಿಂದಲೇ "ಗಿಣೀ, ನಿನ್ನ ಬಾಲ ಕಾಣ್ತಿದೆ" ಎನ್ನುವಳು.

ಆ ವರ್ಷ ಹೊರದೇಶದ ಒಂದು ಹಾಡಿನ ಸ್ಪರ್ಧೆಗೆ ತಂಡಕ್ಕೆ ಕರೆ ಬಂತು. ಐದು ದಿನ. ಗಿಣಿಯೂ ತಂಡದಲ್ಲಿದ್ದಳು, ಏಳನೇ ನಂಬರು.

"ವಿಮಾನದಲ್ಲಿ ಅಷ್ಟು ದೂರ! ಈ ಸಲ ನೀವು ಬೇಡ ಅಕ್ಕ, ಬೇರೆ ಯಾರಾದ್ರೂ ಹೋಗ್ಲಿ" ಎಂದಳು ತಮ್ಮನ ಹೆಂಡತಿ, ಆಲೂಗಡ್ಡೆ ಸುಲಿಯುತ್ತ.

"ಯಾಕೆ, ನನಗೇನಾಗಿದೆ?"

"ಏನಾಗಿದೆ ಅಂತ ನೀವೇ ಹೇಳ್ಬೇಕು. ಇತ್ತೀಚೆಗೆ ಮೂರು ಸಲ ಕರೆದರೆ ಒಂದು ಸಲ ಓ ಅಂತೀರ. ನಿನ್ನೆ ಕುಕ್ಕರ್ ಕೂಗಿ ಕೂಗಿ ಅನ್ನ ತಳ ಹಿಡೀತು, ನೀವು ಪಕ್ಕದಲ್ಲೇ ಪೇಪರ್ ಓದ್ತಿದ್ರಿ."

ಆಗ ಹೇಳಬಹುದಿತ್ತು. ಅಡುಗೆಮನೆಯಲ್ಲಿ ಇಬ್ಬರೇ ಇದ್ದರು, ಮಾತು ತಾನಾಗಿಯೇ ಬಾಯಿಗೆ ಬಂದಿತ್ತು. ಅಕ್ಕ ಪೇಪರ್ ಮಡಚಿದಳು. "ಯೋಚನೆಯಲ್ಲಿದ್ದೆ ಕಣಮ್ಮ, ಹಾಡಿನ ಶ್ರುತಿ ಕೂರ್ತಿಲ್ಲ" ಎಂದಳು.

ಕೈ ಒರೆಸಿಕೊಳ್ಳುತ್ತ ಮೇಲೆ ಬಂದ ತಮ್ಮ ಹೆಂಡತಿಯ ಮೇಲೇ ಹರಿಹಾಯ್ದ. "ಅಕ್ಕ ಹೋಗ್ತಾಳೆ ಅಂತಲೇ ಗಿಣೀನ ಕಳಿಸೋದು. ಬೇರೆ ಯಾರದೋ ಕೈಗೆ ಕೊಟ್ಟು ನಾನಿಲ್ಲಿ ನಿದ್ದೆ ಮಾಡ್ಲಾ? ಹತ್ತೊಂಬತ್ತು ವರ್ಷದಲ್ಲಿ ಒಂದು ಮಗು ತಪ್ಪಿಲ್ಲ!"

"ನೋಡಿದೆಯಾ, ನನ್ನ ಮಾತು ಇವನಿಗೆ ಬಾಯಿಪಾಠ ಆಗಿದೆ" ಎಂದು ಅಕ್ಕ ನಕ್ಕಳು. ತಮ್ಮನ ಹೆಂಡತಿಯೂ ನಕ್ಕಳು. ಅಲ್ಲಿಗೆ ಆ ಮಾತು ಮುಗಿಯಿತು.

ಅಕ್ಕನ ಜೊತೆಗೆ ಹೊರಟವಳು ಲೆಕ್ಕದ ಟೀಚರ್, ಕೆಲಸಕ್ಕೆ ಸೇರಿ ವರ್ಷವಾಗದ ಹುಡುಗಿ. ಪಾಸ್‌ಪೋರ್ಟುಗಳೆಲ್ಲ ಅಕ್ಕನ ಕೊರಳಿನ ಚೀಲದಲ್ಲಿ. ವಿಮಾನ ನಿಲ್ದಾಣದಲ್ಲಿ ಲೆಕ್ಕದ ಟೀಚರ್ ಬೆರಳು ತೋರಿಸಿ ತಲೆ ಎಣಿಸಲು ಹೊರಟಾಗ ಅಕ್ಕ ತಡೆದಳು. "ಕುರಿ ಎಣಿಸಿದ ಹಾಗೆ ಎಣಿಸ್ಬೇಡ. ನಂಬರು ಕೂಗ್ತಾರೆ, ನಾನು ಕೇಳಿಸ್ಕೊಳ್ತೀನಿ."

ಆ ದೇಶದಲ್ಲಿ ಒಂದು ತೊಡಕಾಯಿತು, ಯಾರೂ ಮುಂಚೆ ಯೋಚಿಸದಂಥದ್ದು. ಅಲ್ಲಿ ಡ್ರೈವರ್ ಕೂರುವುದೂ, ಬಾಗಿಲಿರುವುದೂ ಬಸ್ಸಿನ ಇನ್ನೊಂದು ಕಡೆ. ಊರಿನಲ್ಲಾದರೆ ಬಾಗಿಲ ಕಡೆ ಕಿಟಕಿ ಪಕ್ಕ ಕೂತರೆ ಅಕ್ಕನ ಬಲಗಿವಿ ಮಕ್ಕಳು ಓಡಾಡುವ ದಾರಿಯ ಕಡೆಗೆ ಇರುತ್ತಿತ್ತು. ಇಲ್ಲಿ ಅದೇ ಸೀಟಿನಲ್ಲಿ ಕೂತರೆ ಬಲಗಿವಿ ಗಾಜಿಗೆ, ಎಡಗಿವಿ ಮಕ್ಕಳಿಗೆ. ಆಚೆ ಕಡೆಯ ಸೀಟಿಗೆ ಹೋಗಿ ಕೂತಿದ್ದರೆ ಮುಗಿಯುತ್ತಿತ್ತು. ಆದರೆ "ಟೀಚರ್, ಯಾಕೆ ಆ ಕಡೆ?" ಎಂದು ಯಾರಾದರೂ ಕೇಳಿದರೆ? ಬಚ್ಚಿಡುವುದಕ್ಕೆ ಏನಾದರೂ ಇರುವವರಿಗೆ ಸುಮ್ಮನೆ ಕೇಳಿದ ಮಾತೂ ತನಿಖೆಯಂತೆ ಕಾಣುತ್ತದೆ. ಎರಡು ದಿನ ಅಕ್ಕ ಕತ್ತು ಹಿಡಿದಿದೆ ಎಂದು ನೆಪ ಹೇಳಿ ಪೂರ್ತಿ ತಿರುಗಿ ಕೂತು ಎಣಿಕೆ ಕೇಳಿದಳು.

ಮೂರನೇ ದಿನ ಸಂಜೆ ಸ್ಪರ್ಧೆ. ತಂಡಕ್ಕೆ ಎರಡನೇ ಬಹುಮಾನ ಬಂತು. ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕಿರುಚಿದರು, ಲೆಕ್ಕದ ಟೀಚರ್ ಅತ್ತಳು, ಅಕ್ಕ ಬೆಳಗಿನಿಂದ ನಿಂತ ಕಾಲು ಎಳೆದುಕೊಂಡು ಬಂದು ಬಸ್ಸಿನಲ್ಲಿ ಕುಸಿದಳು. ಎಂಜಿನ್ ಆಗಲೇ ಗುರುಗುಟ್ಟುತ್ತಿತ್ತು. ತಿರುಗಿ ಕೂರಲು ಅವಳಿಗೆ ಆ ಸಂಜೆ ಕೈಲಾಗಲಿಲ್ಲ. "ಹೂಂ" ಎಂದಳು.

ದನಿಗಳು ಬಂದವು, ಕಂಬಳಿ ಹೊದ್ದು ಬಂದಂತೆ. ಯಾವುದು ಯಾರದು ಎಂದು ಬಿಡಿಸಲು ಅವಳು ಹೋಗಲಿಲ್ಲ. ಒಂದಾದ ಮೇಲೊಂದು, ನಡುವೆ ಬಿಡುವಿಲ್ಲದೆ, ಹದಿನಾಲ್ಕು ಸಲ ಏನೋ ಕೇಳಿಸಿತು. ಅಷ್ಟು ಸಾಕೆನಿಸಿತು.

"ಸರಿ, ಹೊರಡಲಿ" ಎಂದಳು.

ತಂಗಿದ್ದ ಹಾಸ್ಟೆಲಿನಲ್ಲಿ ಬ್ರೆಡ್ಡು, ಮೊಟ್ಟೆ, ಗಲಾಟೆ. ಎಂಟೂವರೆಗೆ ಕೋಣೆ ಕೋಣೆ ನೋಡಲು ಹೋದ ಲೆಕ್ಕದ ಟೀಚರ್ ಓಡಿಬಂದಳು. ಎಂಟನೇ ನಂಬರಿನ ಹಾಸಿಗೆ ಖಾಲಿ.

ಎಂಟನೇ ನಂಬರಿನವಳು ಕಡ್ಡಿ. ಹೆಸರಿಗೆ ತಕ್ಕ ಹಾಗೆ ಗಾಳಿ ಬಂದರೆ ಹಾರಿಹೋಗುವಂಥ ಹುಡುಗಿ, ಗಿಣಿಯ ಜೀವದ ಗೆಳತಿ. ದೊಡ್ಡಮ್ಮನ ಮನೆಯಲ್ಲಿ ಬೆಳೆಯುತ್ತಿದ್ದಳು. ತಾಯಿ ಹೊರದೇಶದಲ್ಲಿ ಯಾರದೋ ಮನೆಗೆಲಸಕ್ಕೆ ಹೋಗಿ ಆರು ವರ್ಷವಾಗಿತ್ತು. ಯಾವ ದೇಶ ಎಂದು ಶಾಲೆಯಲ್ಲಿ ಯಾರೂ ಕೇಳಿರಲಿಲ್ಲ.

"ಬಸ್ಸು ಹತ್ತಿದ್ದಳಾ?" ಎಂದಳು ಲೆಕ್ಕದ ಟೀಚರ್.

"ಹತ್ತದೆ? ನಾನೇ ಕೇಳಿಸ್ಕೊಂಡಿದ್ದೀನಿ!"

ಪೊಲೀಸರು ಬಂದಾಗಲೂ ಅದನ್ನೇ ಹೇಳಿದಳು. ಹುಡುಗಿ ಬಸ್ಸಿನಲ್ಲಿದ್ದಳು, ಇಲ್ಲಿ ಇಳಿದ ಮೇಲೆ ಕಾಣೆಯಾಗಿದ್ದಾಳೆ. ಖಚಿತವಾ ಎಂದು ಅವರು ಎರಡು ಸಲ ಕೇಳಿದರು. ಖಚಿತ ಎಂದು ಬರೆದು ಸಹಿ ಹಾಕಿದಳು. ಹಾಗಾದರೆ ಯಾರೋ ಹಾಸ್ಟೆಲ್ ಬಾಗಿಲಿನಿಂದಲೇ ಮಗುವನ್ನು ಎತ್ತಿಕೊಂಡು ಹೋಗಿದ್ದಾರೆ ಎಂದಾಯಿತು. ನಾಲ್ಕು ಗಾಡಿಗಳು ಊರಿನ ಬಸ್ ಸ್ಟ್ಯಾಂಡು, ರೈಲು ನಿಲ್ದಾಣಗಳನ್ನು ಹುಡುಕಲು ಹೊರಟವು. ಗಿಣಿ ಮೆಟ್ಟಿಲ ಮೇಲೆ ಕೂತು ಅಕ್ಕನ ಮುಖವನ್ನೇ ನೋಡುತ್ತಿದ್ದಳು. ಅರ್ಧ ಗಂಟೆಯ ಮೇಲೆ ಎದ್ದುಬಂದು ಅಕ್ಕನ ತೋಳು ಹಿಡಿದು ಬಿಕ್ಕಿದಳು. "ಅವಳು ಅಮ್ಮನ್ನ ನೋಡೋಕೆ ಹೋಗಿದ್ದಾಳೆ ಅತ್ತೆ. ಹಾಲ್ ಪಕ್ಕದ ಬಸ್ ಸ್ಟ್ಯಾಂಡಿಗೆ. ಒಂಬತ್ತರೊಳಗೆ ಬಂದ್ಬಿಡ್ತೀನಿ ಅಂದಿದ್ದಳು."

ಅಷ್ಟರಲ್ಲಿ ಪೊಲೀಸರು ಆ ಬಸ್ ಸ್ಟ್ಯಾಂಡಿನಲ್ಲೇ ಬೆಂಚಿನ ಮೇಲೆ ಒಬ್ಬ ಹೆಂಗಸನ್ನೂ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ ಹುಡುಗಿಯನ್ನೂ ಹಿಡಿದಾಗಿತ್ತು. ಮಕ್ಕಳನ್ನು ಕದಿಯುವವಳೆಂದು ಅವಳ ಕೈ ಹಿಂದಕ್ಕೆ ಕಟ್ಟಿದರು. ತಾಯಿ ಎಂದು ಗೊತ್ತಾದ ಮೇಲೆ ಕೈ ಬಿಚ್ಚಿ ಕಾಗದ ಕೇಳಿದರು. ಅಲ್ಲಿರಲು ಅವಳಿಗಿದ್ದ ಅನುಮತಿ ತೀರಿ ಎರಡು ವರ್ಷವಾಗಿತ್ತು. ಮಗಳನ್ನು ಒಂದು ಗಾಡಿಯಲ್ಲಿ ಹಾಸ್ಟೆಲಿಗೆ ಕಳಿಸಿದರು, ತಾಯಿಯನ್ನು ಇನ್ನೊಂದರಲ್ಲಿ ಕೂರಿಸಿಕೊಂಡು ಹೋದರು. ಕಡ್ಡಿ ಹಾಸ್ಟೆಲ್ ಬಾಗಿಲಲ್ಲಿ ಇಳಿದು ಅಕ್ಕನನ್ನು ನೋಡಿ ಒಂದೇ ಮಾತು ಕೇಳಿದಳು.

"ನಾನು ಬಸ್ಸಿನಲ್ಲಿದ್ದೆ ಅಂತ ಯಾಕೆ ಹೇಳಿದ್ರಿ ಟೀಚರ್?"

ಊರಿಗೆ ಬಂದ ಮೂರನೇ ದಿನ ಗಿಣಿ ತನ್ನ ತಾಯಿಯ ಹತ್ತಿರ ಒಪ್ಪಿಕೊಂಡಳು. ಬಸ್ಸಿನಲ್ಲಿ ಎಂಟು ಎಂದವಳು ತಾನೇ. ತಮ್ಮನ ಹೆಂಡತಿ ಅದನ್ನು ಸೆರಗಿನಲ್ಲಿ ಕೆಂಡ ಕಟ್ಟಿಕೊಂಡವಳ ಹಾಗೆ ಅಕ್ಕನ ಹತ್ತಿರ ತಂದಳು.

"ನಿಮಗೆ ಗೊತ್ತಿತ್ತಾ ಅಕ್ಕ?"

ಅಕ್ಕ ಊಹಿಸಿದ್ದಳು. ಹದಿಮೂರು ಹುಡುಗಿಯರಲ್ಲಿ ಇನ್ನೊಬ್ಬರ ದನಿ ಕದಿಯಬಲ್ಲವಳು ಒಬ್ಬಳೇ. "ಹೂಂ" ಎಂದಳು.

"ನಾಳೆ ಹೆಡ್ ಮೇಡಂ ಕೇಳ್ತಾರೆ. ಗಿಣಿ ಹೆಸರು ಬಂದರೆ ಶಾಲೆಯಿಂದ ತೆಗೀತಾರೆ. ಪರೀಕ್ಷೆ ವರ್ಷ. ಈಗ ತೆಗೆದರೆ ಯಾವ ಶಾಲೆ ಸೇರಿಸ್ಕೊಳ್ಳುತ್ತೆ? ನಿಮಗೆ ಕೈ ಮುಗೀತೀನಿ ಅಕ್ಕ."

"ಹೇಳಲ್ಲ, ಬಿಡು. ನಾನೇ ಎಣಿಸೋದು ತಪ್ಪಿದೆ ಅಂತೀನಿ."

ತಮ್ಮನ ಹೆಂಡತಿ ಅವಳ ಕೈಗೆ ಮುಖ ಒತ್ತಿಕೊಂಡು ಅತ್ತಳು. ಹದಿನೇಳು ವರ್ಷದಲ್ಲಿ ಇಬ್ಬರ ನಡುವೆ ಅಂಥದ್ದು ನಡೆದಿರಲಿಲ್ಲ. ಅಕ್ಕನಿಗೆ ಆ ಕೈಯನ್ನು ಕಿತ್ತುಕೊಳ್ಳಬೇಕೆನಿಸಿತು. ಯಾಕೆಂದರೆ ಅವಳು ಆ ಮಾತು ಒಪ್ಪಿದ್ದು ಗಿಣಿಗಾಗಿ ಎನ್ನುವುದು ಅರ್ಧ ಸತ್ಯ. ಎಣಿಕೆ ತಪ್ಪಿತು ಎಂದರೆ ಒಂದು ಛೀಮಾರಿಗೆ ಮುಗಿಯುತ್ತದೆ. ಗಿಣಿ ಎಂಟು ಎಂದಳು ಎಂದರೆ, ನಿಮ್ಮ ಸೋದರಸೊಸೆಯ ದನಿ ನಿಮಗೆ ಗುರುತು ಸಿಗಲಿಲ್ಲವೇ ಎಂಬ ಮುಂದಿನ ಪ್ರಶ್ನೆ ಬಂದೇ ಬರುತ್ತದೆ.

ಛೀಮಾರಿಗೇ ಮುಗಿಯಿತು. ಇನ್ನು ಮುಂದೆ ಯಾವ ಪ್ರವಾಸಕ್ಕೂ ಈ ಟೀಚರನ್ನು ಕಳಿಸತಕ್ಕದ್ದಲ್ಲ ಎಂದು ಹೆಡ್ ಮೇಡಂ ಬರೆದರು. ಹಾಡಿನ ತಂಡ ಅವಳ ಕೈಯಲ್ಲೇ ಉಳಿಯಿತು. ಕಡ್ಡಿ ಮಾತ್ರ ತಂಡ ಬಿಟ್ಟಳು.

ಆಮೇಲೆ ಮನೆಯಲ್ಲಿ ಶುರುವಾಯಿತು ಅಕ್ಕನ ಸತ್ಕಾರ. ಮೊದಲ ತಟ್ಟೆ ಅಕ್ಕನಿಗೆ. ಬಿಸಿ ನೀರು ಅಕ್ಕನಿಗೆ. ತಮ್ಮನ ಹೆಂಡತಿ ಕೆಲಸದಿಂದ ಬರುವಾಗ ಹಣ್ಣು ತಂದರೆ ಒಳ್ಳೆಯದನ್ನು ಆರಿಸಿ ಅಕ್ಕನ ಮೇಜಿನ ಮೇಲಿಡುವಳು. ಪಾತ್ರೆ ಮುಟ್ಟಲು ಬಿಡಳು. "ನೀವು ಕೂತ್ಕೊಳ್ಳಿ ಅಕ್ಕ, ನೀವು ಮಾಡಿದ್ದು ಸಾಲದಾ?" ಆ ಮಾತು ಕೇಳಿದಾಗೆಲ್ಲ ಅಕ್ಕ ಅರ್ಧ ಊಟಕ್ಕೇ ಏಳುತ್ತಿದ್ದಳು.

ಗಿಣಿಯದು ಇನ್ನೊಂದು ಬಗೆ. ಯಾರ ದನಿಯನ್ನೂ ಅವಳು ಅನುಕರಿಸುವುದನ್ನು ಬಿಟ್ಟಳು. ಆಮೇಲೆ ತನ್ನ ದನಿಯನ್ನೂ ಕಡಿಮೆ ಮಾಡಿದಳು. ಹಾಡಿನ ಅಭ್ಯಾಸದಲ್ಲಿ ಬಾಯಿ ತೆರೆಯುವಳು, ಸ್ವರ ಹೊರಡಿಸಳು. ಶಾಲೆಯಲ್ಲಿ ಕಡ್ಡಿ ಅವಳ ಪಕ್ಕದ ಜಾಗ ಬಿಟ್ಟು ಹಿಂದಿನ ಬೆಂಚಿಗೆ ಹೋಗಿದ್ದಳು.

ಒಂದು ದಿನ ಊಟಕ್ಕೆ ಕೂತಾಗ ತಮ್ಮ ಸಿಟ್ಟಿಗೆದ್ದ. "ಏನಿದು, ಸಾವಿನ ಮನೆ ಥರ? ಗಿಣೀ, ಒಂದು ತುತ್ತಾದ್ರೂ ತಿನ್ನೇ!"

"ಹಸಿವಿಲ್ಲ."

"ನಿಮ್ಮತ್ತೆ ನಿನಗೋಸ್ಕರ ಮಾನ ಕಳ್ಕೊಂಡು ಕೂತಿದ್ದಾಳೆ. ಅವಳಿಗಾಗಿಯಾದ್ರೂ ತಿನ್ನು."

"ಅವಳ ವಿಷಯ ತೆಗೀಬೇಡ ಅಪ್ಪ!" ಎಂದು ಗಿಣಿ ತಟ್ಟೆ ತಳ್ಳಿ ಎದ್ದುಹೋದಳು.

"ಬೈಬೇಡ್ವೋ ಅವಳನ್ನ" ಎಂದಳು ಅಕ್ಕ.

"ನೀನು ಸುಮ್ಮನಿರಕ್ಕ. ನಿನ್ನಂಥವಳು ಅತ್ತೆಯಾಗಿ ಸಿಕ್ಕಿದ್ದು ಅವಳ ಪುಣ್ಯ. ನಾನಾಗಿದ್ರೆ ಎರಡು ಬಾರಿಸಿ ಹೆಡ್ ಮೇಡಂ ಮುಂದೆ ನಿಲ್ಲಿಸ್ತಿದ್ದೆ."

ಎಲ್ಲರೂ ಎದ್ದುಹೋದ ಮೇಲೆ ಅಮ್ಮ ತನ್ನ ಕುರ್ಚಿಯಿಂದ ಕೈ ಬೀಸಿ ಅಕ್ಕನನ್ನು ಕರೆದಳು. ಅಮ್ಮ ಮಾತಾಡುವುದು ಅಪರೂಪ, ಮಾತಾಡಿದರೆ ಬೀದಿಗೆ ಕೇಳುವಷ್ಟು ಜೋರು. ಆ ದಿನ ಮಾತ್ರ ಮೆತ್ತಗೆ ಕೇಳಿದಳು. "ಎಡಗಿವಿ ಹೋಗಿ ಎಷ್ಟು ದಿನ ಆಯ್ತು?"

ಅಕ್ಕ ಬೆಚ್ಚಿದಳು.

"ನನ್ನನ್ನೇನು ನೋಡ್ತೀಯ? ಜನ ಮಾತಾಡಿದರೆ ನೀನು ಬಾಯಿ ನೋಡ್ತೀಯ, ಕಣ್ಣು ನೋಡಲ್ಲ. ಮೂವತ್ತು ವರ್ಷದಿಂದ ನಾನು ಮಾಡ್ತಿರೋದು ಅದೇ."

ಅಕ್ಕ ಎರಡು ಬೆರಳು ತೋರಿಸಿದಳು.

"ನಾನೂ ಹೇಳಲಿಲ್ಲ" ಎಂದಳು ಅಮ್ಮ. "ಕರೆದರೂ ತಿರುಗಲ್ಲ, ಇವಳಿಗೆ ಕೊಬ್ಬು ಅಂತ ಬೀದಿಯವರೆಲ್ಲ ಮಾತಾಡ್ಕೊಂಡರು. ಕಿವುಡಿ ಅನ್ನಿಸ್ಕೊಳ್ಳೋದು ಅದಕ್ಕಿಂತ ವಾಸಿ ಕಣೆ. ಹೇಳ್ಬಿಡು."

ಅಕ್ಕ ತಲೆಯಾಡಿಸಿದಳು. ಹೇಳಲಿಲ್ಲ. ಇನ್ನೂ ಎರಡು ವಾರ ಹಾಗೇ ಕಳೆದಳು.

ಆರನೇ ವಾರದ ಶನಿವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ತಮ್ಮನ ಹೆಂಡತಿ ಬಾಗಿಲು ತೆಗೆದಳು. ಸಣಕಲು ಹೆಂಗಸೊಬ್ಬಳು ನಿಂತಿದ್ದಳು. ನೋಡಿದ ಕೂಡಲೇ ಯಾರೆಂದು ತಿಳಿಯಿತು. ಕಡ್ಡಿಯನ್ನು ಮೂವತ್ತು ವರ್ಷ ಬಿಸಿಲಲ್ಲಿ ಇಟ್ಟಿದ್ದರೆ ಹಾಗಾಗುತ್ತಿತ್ತು.

"ಜಗಳಕ್ಕೆ ಬಂದಿಲ್ಲ" ಎಂದಳು ಮೊದಲೇ. "ಹೋದ ವಾರ ಕಳಿಸಿಬಿಟ್ಟರು. ಇಲ್ಲಿ ಕೆಲಸ ಹುಡುಕ್ತಿದ್ದೀನಿ. ಆಸ್ಪತ್ರೆ ಲಾಂಡ್ರಿಯಲ್ಲಿ ಜನ ತಗೋತಾರೆ, ನೀವು ಅಲ್ಲೇ ಇದ್ದೀರಿ ಅಂತ ಮಗಳು ಹೇಳಿದಳು."

ಕೂರಿಸಿದರು. ಚಹಾ ಕೊಟ್ಟರು. ಅವಳು ಅರ್ಧ ಕುಡಿದು ಲೋಟವನ್ನು ಕೈಯಲ್ಲೇ ಹಿಡಿದುಕೊಂಡಳು. ಅಲ್ಲಿ ಒಂಬತ್ತು ಜನರ ಮನೆ, ಎರಡು ಹೊತ್ತು ಅಡುಗೆ, ಬಟ್ಟೆ, ಒಬ್ಬ ಮುದುಕರ ಆರೈಕೆ. ಮನೆಯವರು ಕೆಟ್ಟವರಲ್ಲ. ಅನುಮತಿಯ ಕಾಗದ ಮುಂದುವರಿಸುವುದನ್ನು ಮರೆತರು, ಇವಳು ನೆನಪಿಸಲು ಹೆದರಿದಳು. ಇನ್ನು ಆ ದೇಶಕ್ಕೆ ಕಾಲಿಡುವ ಹಾಗಿಲ್ಲ.

"ಮಗಳು ಈಗ ನಿಮ್ಮ ಜೊತೆಗೇ ಇದ್ದಾಳಲ್ಲ, ಅದೊಂದು ಸಮಾಧಾನ" ಎಂದಳು ತಮ್ಮನ ಹೆಂಡತಿ, ಏನಾದರೂ ಹೇಳಬೇಕಲ್ಲ ಎಂದು.

"ಮಾತಾಡಲ್ಲ ಅವಳು ನನ್ನ ಹತ್ರ" ಎಂದಳು ಆಕೆ. "ನನ್ನಿಂದಲೇ ನಿನಗೆ ಹೀಗಾಯ್ತು ಅಂತ ಗೋಡೆ ಕಡೆ ತಿರುಗಿ ಮಲಗ್ತಾಳೆ. ಆ ಬೆಂಚಿನ ಮೇಲೆ ಎರಡು ಗಂಟೆ ಚೆನ್ನಾಗಿ ಮಾತಾಡಿದ್ದಳು. ಆರು ವರ್ಷದ್ದೆಲ್ಲ ಹೇಳಿದಳು." ಆಮೇಲೆ ಅಕ್ಕನ ಕಡೆ ತಿರುಗಿದಳು. "ನಿಮ್ಮ ಮೇಲೆ ನನಗೆ ಬೇಜಾರಿಲ್ಲ ಟೀಚರ್. ಮಕ್ಕಳು ಮಾಡಿದ್ದಕ್ಕೆ ನೀವೇನು ಮಾಡ್ತೀರಿ? ಅವರ ದನಿ ಕೇಳಿ ನಂಬಿದ್ರಿ."

ಗಿಣಿ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅಕ್ಕ ತಲೆ ಎತ್ತಲಿಲ್ಲ.

ಮಾರನೆಯ ದಿನ ಭಾನುವಾರ. ತಾರಸಿಯ ಮೇಲೆ ಅಕ್ಕ, ಗಿಣಿ ಹಾಸಿಗೆಯ ಬಟ್ಟೆ ಹಿಂಡುತ್ತಿದ್ದರು. ಒಂದೊಂದು ತುದಿ ಒಬ್ಬೊಬ್ಬರು ಹಿಡಿದು ತಿರುಚುವಾಗ ಎದುರುಬದುರಾಗಿ ನಿಲ್ಲಲೇಬೇಕು.

"ಅತ್ತೆ, ಒಂದು ಕೇಳ್ಲಾ?" ಎಂದಳು ಗಿಣಿ. "ಯಾಕೆ ಹಾಗೆ ಮಾಡಿದೆ?"

"ಏನು ಮಾಡಿದೆ?"

"ಅವತ್ತು ಬಸ್ಸಲ್ಲಿ. ಗೊತ್ತಿದ್ದೂ ಸರಿ ಅಂದೆಯಲ್ಲ."

ಅಕ್ಕನ ಕೈ ನಿಂತಿತು.

"ನಾನು ಅವಳ ದನಿ ಮಾಡಲೇ ಇಲ್ಲ" ಎಂದಳು ಗಿಣಿ. "ಅವಳ ಥರ ಎಂಟು ಅನ್ನೋಕೆ ನನಗೆ ಬರಲ್ವಾ? ಬೇಕಂತಲೇ ನನ್ನ ದನೀಲೇ ಅಂದೆ. ಏಳೂ ನಂದೇ, ಎಂಟೂ ನಂದೇ. ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೆ. ಭಯ ಆಗ್ತಿತ್ತು. ನೀನೇ ಹಿಡಿದುಬಿಟ್ಟರೆ ನಾನು ಮಾತು ಮುರಿದ ಹಾಗಾಗಲ್ಲ ಅಲ್ವಾ? ನೀನು ಹಿಡಿದೇ ಹಿಡೀತೀಯ ಅಂತ ಕಾಯ್ತಿದ್ದೆ. ನೀನು ಸರಿ ಅಂದೆ. ಓ, ಅತ್ತೆಗೆ ಗೊತ್ತಾಗಿದೆ, ಅಮ್ಮನ್ನ ನೋಡಿ ಬರಲಿ ಅಂತ ಬಿಟ್ಟಿದ್ದಾಳೆ ಅಂದ್ಕೊಂಡೆ. ನಿನ್ನ ಮೇಲೆ ಎಷ್ಟು ಪ್ರೀತಿ ಬಂತು ಗೊತ್ತಾ?"

"ಗಿಣೀ..."

"ಪೊಲೀಸರು ಬಂದಾಗಲೂ ನೀನು ಬಸ್ಸಲ್ಲಿದ್ದಳು ಅಂದೆ. ನನ್ನನ್ನ ಉಳಿಸೋಕೆ ಸುಳ್ಳು ಹೇಳ್ತಿದ್ದಾಳೆ, ಇದಕ್ಕೆಲ್ಲ ಏನೋ ಉಪಾಯ ಇಟ್ಕೊಂಡಿದ್ದಾಳೆ ಅಂತ ನಾನು ಬಾಯಿ ಮುಚ್ಚಿ ಕೂತೆ. ಅರ್ಧ ಗಂಟೆ! ಆಗಲೇ ಹೇಳಿದ್ದರೆ ನಾವೇ ಹೋಗಿ ಕರ್ಕೊಂಡು ಬರ್ತಿದ್ವಿ, ಅವರು ಅಮ್ಮ ಮಗಳನ್ನ ಹಿಡೀತಿರಲಿಲ್ಲ. ಯಾಕತ್ತೆ? ಮೊದಲೇ ಯಾಕೆ ನಿಜ ಹೇಳಲಿಲ್ಲ?"

ಹುಡುಗಿಯ ಕಣ್ಣಿಂದ ನೀರು ಇಳಿಯುತ್ತಿತ್ತು. ಆರು ವಾರದಿಂದ ಅವಳು ಹೊತ್ತಿದ್ದು ತನ್ನ ಸುಳ್ಳೊಂದನ್ನೇ ಅಲ್ಲ, ಅಕ್ಕನದೆಂದು ಅವಳು ನಂಬಿದ್ದ ಸುಳ್ಳನ್ನೂ. ಒದ್ದೆ ಬಟ್ಟೆಯ ಭಾರ ಅಕ್ಕನ ಕೈಯನ್ನು ಎಳೆಯುತ್ತಿತ್ತು. ಈಗಲೂ ತಪ್ಪಿಸಿಕೊಳ್ಳಲು ಒಂದು ದಾರಿಯಿತ್ತು. ಹೌದಮ್ಮ, ನಿನ್ನನ್ನು ಉಳಿಸೋಕೆ ಎಂದುಬಿಟ್ಟರೆ ಹುಡುಗಿ ತನ್ನನ್ನು ದ್ವೇಷಿಸಿದರೂ ಗೌರವಿಸುತ್ತಾಳೆ.

"ನನಗೆ ಕೇಳಿಸಲಿಲ್ಲ" ಎಂದಳು ಅಕ್ಕ.

"ಏನು ಕೇಳಿಸಲಿಲ್ಲ?"

"ಏಳೂ ಕೇಳಿಸಲಿಲ್ಲ, ಎಂಟೂ ಕೇಳಿಸಲಿಲ್ಲ. ಎಡಗಿವಿ ಹೋಗಿ ಎರಡು ವರ್ಷ ಆಯ್ತು. ಆ ಬಸ್ಸಲ್ಲಿ ನಿಮ್ಮ ಕಡೆ ಇದ್ದದ್ದು ಅದೇ ಕಿವಿ. ಬರೀ ಸದ್ದು ಎಣಿಸಿದೆ. ಯಾರ ದನಿ ಅಂತ ಗೊತ್ತಾಗಲಿಲ್ಲ."

ಗಿಣಿ ತನ್ನ ಕೈಯಲ್ಲಿದ್ದ ತುದಿಯನ್ನು ಬಿಟ್ಟಳು. ಹಿಂಡಿದ ಬಟ್ಟೆ ಧೂಳಿನಲ್ಲಿ ಬಿತ್ತು. ಅವಳು ಕೆಳಗಿಳಿದು ಹೋದಳು.

ಅಕ್ಕ ಆ ಬಟ್ಟೆಯನ್ನು ಇನ್ನೊಮ್ಮೆ ಜಾಲಿಸಿ ಒಬ್ಬಳೇ ಹಿಂಡಿ ಹರವಿದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ, ತಮ್ಮನ ಹೆಂಡತಿ ಮೊದಲ ತಟ್ಟೆಯನ್ನು ಅವಳ ಮುಂದಿಟ್ಟಾಗ, ಅದನ್ನು ಪಕ್ಕಕ್ಕೆ ಸರಿಸಿ ಎಲ್ಲವನ್ನೂ ಹೇಳಿದಳು. ಡಾಕ್ಟರು, ಬಸ್ಸಿನ ಸೀಟು, ಪೊಲೀಸರ ಕಾಗದದ ಮೇಲಿನ ಸಹಿ, ಹೆಡ್ ಮೇಡಂ ಮುಂದೆ ಹೇಳಿದ ಅರ್ಧ ಸತ್ಯ. ನಾಳೆ ಶಾಲೆಗೆ ಹೋಗಿ ಉಳಿದ ಅರ್ಧವನ್ನೂ ಹೇಳುತ್ತೇನೆ, ತಂಡವನ್ನು ಬಿಟ್ಟುಕೊಡುತ್ತೇನೆ ಎಂದಳು. ಗಿಣಿ ಎಂಟು ಎಂದದ್ದು ನನ್ನನ್ನು ಕರೆಯುವುದಕ್ಕೆ, ಮೋಸ ಮಾಡುವುದಕ್ಕಲ್ಲ ಎನ್ನುವುದನ್ನೂ ಹೇಳುತ್ತೇನೆ, ತಪ್ಪೆಲ್ಲ ಕಿವಿಯದು ಎಂದಳು.

"ಕಿವಿಯದಾ?" ಎಂದಳು ತಮ್ಮನ ಹೆಂಡತಿ. ಸೌಟು ಕೈಯಲ್ಲೇ ಇತ್ತು. "ಕಿವಿ ಹೋದರೆ ಯಾರೇನು ಮಾಡ್ತಾರೆ ಅಕ್ಕ? ನಾನು ಕೇಳಿದ್ದೆ, ಇದೇ ಅಡುಗೆಮನೆಯಲ್ಲಿ. ಶ್ರುತಿ ಕೂರ್ತಿಲ್ಲ ಅಂದ್ರಿ. ಆರು ವಾರ ನಿಮ್ಮನ್ನ ತಲೆ ಮೇಲೆ ಹೊತ್ತು ಮೆರೆಸಿದೆ. ನನ್ನ ಮಗಳನ್ನ ದಿನಾ ಬೈದೆ."

"ಅವಳಿಗೇನು ಹೇಳ್ತೀಯ ಈಗ?" ಎಂದ ತಮ್ಮ. "ನಿನ್ನೆ ಬಂದಿದ್ದಳಲ್ಲ, ಆ ತಾಯಿಗೆ?"

ಅಕ್ಕ ತಟ್ಟೆಯ ಅಂಚನ್ನು ನೋಡುತ್ತ ಕೂತಳು.

ಆಗ ಗಿಣಿ ಏನೋ ಹೇಳಿದಳು. ಅವಳು ಕೂತಿದ್ದು ಅಕ್ಕನ ಎಡಗಡೆಗೆ. ಅಕ್ಕನಿಗೆ ಗೊತ್ತಾದದ್ದು ತಮ್ಮನ ಮುಖ ಕಂದಿದ್ದರಿಂದ, ಅವನ ಹೆಂಡತಿ ಸೌಟನ್ನು ಸದ್ದಾಗದಂತೆ ಕೆಳಗಿಟ್ಟು ಬಾಯಿಗೆ ಕೈ ಅಡ್ಡ ಹಿಡಿದದ್ದರಿಂದ. ತಿರುಗುವಷ್ಟರಲ್ಲಿ ಹುಡುಗಿಯ ತುಟಿ ಮುಚ್ಚಿತ್ತು. ಅದು ಬೈಗುಳವೋ, ಕ್ಷಮೆಯೋ, ಎರಡೂ ಅಲ್ಲವೋ, ಆ ಮುಖದಲ್ಲಿ ಏನೂ ಬರೆದಿರಲಿಲ್ಲ.

"ಏನಂದೆ ಪುಟ್ಟಾ?" ಎಂದಳು ಅಕ್ಕ. "ಇನ್ನೊಂದು ಸಲ ಹೇಳು."

ಗಿಣಿ ಎದ್ದು ಕೈ ತೊಳೆಯಲು ಹೋದಳು.

"ಏನಂದಳೋ?" ಎಂದು ಅಕ್ಕ ತಮ್ಮನನ್ನು ಕೇಳಿದಳು. ಅವನು ತಲೆ ತಗ್ಗಿಸಿ ಅನ್ನ ಕಲಸತೊಡಗಿದ. ಅವನ ಹೆಂಡತಿಯನ್ನು ನೋಡಿದಳು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮೇಜಿನ ಆಚೆ ತುದಿಯಿಂದ ಅಮ್ಮ ಕೈ ಚಾಚಿ ಅಕ್ಕನ ಮಣಿಕಟ್ಟು ಹಿಡಿದಳು.

"ನನಗೂ ಕೇಳಿಸಲಿಲ್ಲ ಕಣೆ" ಎಂದಳು.